ಡಬ್ಬದ ತೂಕ ಬಿಡಿ, ಒಳಗಿನ ರಬ್ಬರ್ ನೋಡಿ: ಕಡಿಮೆ ಬೆಲೆಯ ಆಯಿಲ್ ಫಿಲ್ಟರ್ ಬಗ್ಗೆ

ನಮಸ್ಕಾರ. ಕಾಸರಗೋಡಿನ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಸಣ್ಣ ಕಾರಿನ ಆಯಿಲ್ ಫಿಲ್ಟರ್ ಕೇಳಿದರೂ ಮೇಜಿನ ಮೇಲೆ ಮೂರು ಬಗೆ ಬಂದು ಕೂರುತ್ತದೆ. ಒಂದು, ಕಾರು ಕಂಪನಿಯದೇ ಪೆಟ್ಟಿಗೆ. ಇನ್ನೊಂದು ಬಾಷ್, ಪ್ಯೂರೊಲೇಟರ್, ಎಲೋಫಿಕ್ ಇಂಥ ಫಿಲ್ಟರ್ ಕಂಪನಿಗಳದು. ಮೂರನೆಯದು ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಅಂತ ಪೆಟ್ಟಿಗೆ ನೋಡಿದರೂ ಗೊತ್ತಾಗದ 'ಲೋಕಲ್'. ಆಗ ನಮ್ಮವರು ಮಾಡುವ ಪರೀಕ್ಷೆ ಒಂದೇ. ಎರಡು ಕೈಯಲ್ಲಿ ಎರಡು ಫಿಲ್ಟರ್ ಹಿಡಿದು ತೂಗಿ ನೋಡುವುದು. ಭಾರ ಇದ್ದದ್ದು ಒಳ್ಳೆಯದು, ಹಗುರ ಇದ್ದದ್ದು ಬರೀ ತಗಡು. ಈ ಪರೀಕ್ಷೆ ತಪ್ಪು.

ಫಿಲ್ಟರಿನ ತೂಕ ಬರುವುದು ಹೊರಗಿನ ಉಕ್ಕಿನ ಡಬ್ಬದಿಂದ, ಥ್ರೆಡ್ ಇರುವ ದಪ್ಪ ತಟ್ಟೆಯಿಂದ. ಒಳಗೆ ಆಯಿಲ್ ಸೋಸುವ ಮಡಿಕೆ ಕಾಗದಕ್ಕೆ ಹೆಚ್ಚು ತೂಕವೇ ಇಲ್ಲ. ಬಿಸಿಯಾದ ಎಂಜಿನ್‌ನಲ್ಲಿ ಆಯಿಲ್ ಒತ್ತಡ ಐಡಲ್‌ನಲ್ಲಿ 1 ಬಾರ್ ಆಸುಪಾಸು, ಓಡುವಾಗ ಸುಮಾರು 3ರಿಂದ 4 ಬಾರ್, ಬೆಳಗ್ಗೆ ತಣ್ಣಗಿರುವಾಗ ಇನ್ನೂ ಸ್ವಲ್ಪ ಹೆಚ್ಚು. ಇದನ್ನು ತಡೆಯಲು ಸಾಧಾರಣ ಡಬ್ಬ ಸಾಕು. ಡಬ್ಬ ಉಬ್ಬಿ ಬಂದಿದ್ದರೆ ಮೊದಲು ಸಂಶಯ ಪಡಬೇಕಾದದ್ದು ಆಯಿಲ್ ಪಂಪಿನ ಒತ್ತಡ ಇಳಿಸುವ ವಾಲ್ವ್ ಸಿಕ್ಕಿಕೊಂಡಿದೆಯೋ ಅಂತ. ಕಡಿಮೆ ಬೆಲೆಯ ಫಿಲ್ಟರಿನಲ್ಲಿ ದುಡ್ಡು ಉಳಿಸಿರುವುದು ಹೊರಗಲ್ಲ. ರಬ್ಬರಿನಲ್ಲಿ, ಅಂಟಿನಲ್ಲಿ, ಒಂದು ಸಣ್ಣ ಸ್ಪ್ರಿಂಗಿನಲ್ಲಿ.

ಮೊದಲು ರಬ್ಬರ್. ಥ್ರೆಡ್ ತೂತಿನ ಸುತ್ತ ಆರೋ ಎಂಟೋ ಸಣ್ಣ ತೂತು ಇರುತ್ತದಲ್ಲ, ಆಯಿಲ್ ಒಳಗೆ ಹೋಗುವುದು ಅಲ್ಲಿಂದ. ಅದರ ಹಿಂದೆ ಕೊಡೆಯ ಹಾಗೆ ಒಂದು ರಬ್ಬರ್ ಬಿಲ್ಲೆ ಉಂಟು. ಎಂಜಿನ್ ನಿಂತಾಗ ಫಿಲ್ಟರಿನ ಆಯಿಲ್ ಹಿಂದಕ್ಕೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ (ಸಂಪ್) ಇಳಿಯದ ಹಾಗೆ ತಡೆಯುವುದು ಇದರ ಕೆಲಸ. ಇದು ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ಆಯಿಲ್ ಸೋರಿ ಫಿಲ್ಟರ್ ಖಾಲಿಯಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಕ್ಯಾಮ್‌ಶಾಫ್ಟಿಗೆ ಆಯಿಲ್ ಮುಟ್ಟುವ ಮೊದಲು ಎರಡು ಮೂರು ಸೆಕೆಂಡು ಕಟಕಟ ಸದ್ದು. ಬೇರಿಂಗ್ ಸವೆಯುವುದು ಅಂಥ ಸೆಕೆಂಡುಗಳಲ್ಲಿ.

ಇಲ್ಲಿ ಬಳಸುವುದು ಎರಡು ಬಗೆ, ನೈಟ್ರೈಲ್ ಮತ್ತು ಸಿಲಿಕಾನ್. ರಬ್ಬರ್ ತೋಟ ಇರುವ ನಮ್ಮವರಿಗೆ ಒಂದು ಮಾತು: ನಾವು ಹಾಲು ತೆಗೆದು ಶೀಟ್ ಮಾಡುವ ರಬ್ಬರನ್ನು ಇಲ್ಲಿ ಹಾಕಲಿಕ್ಕಾಗುವುದಿಲ್ಲ, ಎಂಜಿನ್ ಆಯಿಲ್‌ನಲ್ಲಿ ಅದು ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ಆಯಿಲ್ ತಡೆಯುತ್ತದೆ, ಆದರೆ ನೂರು ಡಿಗ್ರಿ ಶಾಖದಲ್ಲಿ ತಿಂಗಳುಗಟ್ಟಲೆ ಬೆಂದು ಗಟ್ಟಿಯಾಗುತ್ತದೆ. ಸಿಲಿಕಾನ್ ಅದಕ್ಕಿಂತ ತುಂಬಾ ಹೆಚ್ಚು ಶಾಖ ತಾಳುತ್ತದೆ, ಚಳಿಯಲ್ಲೂ ಮೆತ್ತಗೇ ಇರುತ್ತದೆ. ಸಾಮಾನ್ಯವಾಗಿ ಕಪ್ಪಿದ್ದರೆ ನೈಟ್ರೈಲ್, ಕೆಂಪೋ ಕಿತ್ತಳೆಯೋ ಇದ್ದರೆ ಸಿಲಿಕಾನ್. ಆದರೆ ಬಣ್ಣ ಯಾರು ಬೇಕಾದರೂ ಹಾಕಬಹುದು. ಹಾಗಾಗಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಅಂಗಡಿಯಲ್ಲೇ ಒಂದು ಚೊಕ್ಕ ಬೆಂಕಿಕಡ್ಡಿಯ ಹಿಂಬದಿಯಿಂದ ಸಣ್ಣ ತೂತಿನೊಳಗೆ ಮೆಲ್ಲ ಒತ್ತಿ. ರಬ್ಬರ್ ಬಗ್ಗಬೇಕು, ಬಿಟ್ಟ ಕೂಡಲೇ ಸುತ್ತಲೂ ಬಂದು ಕೂರಬೇಕು. ಒಂದು ಕಡೆ ಮಡಚಿಕೊಂಡಿದ್ದರೆ, ತಟ್ಟೆಗೆ ತಾಗದೆ ಸಂದು ಬಿಟ್ಟಿದ್ದರೆ, ಅದು ಬೇಡ.

ನಿಮ್ಮ ಗಾಡಿಯಲ್ಲಿ ಫಿಲ್ಟರ್ ಹೇಗೆ ಕೂರುತ್ತದೆ ಅಂತಲೂ ನೋಡಿ. ಬಾಯಿ ಮೇಲಾಗಿ ನೇತಾಡುವ ಹಾಗಿದ್ದರೆ ಆಯಿಲ್ ತನ್ನಷ್ಟಕ್ಕೇ ಡಬ್ಬದಲ್ಲಿ ನಿಲ್ಲುತ್ತದೆ, ಸಾಧಾರಣ ರಬ್ಬರ್ ಆದರೂ ನಡೆಯುತ್ತದೆ. ಅಡ್ಡ ಕೂರುವುದಾದರೆ, ಬಾಯಿ ಕೆಳಗೆ ಆಗುವುದಾದರೆ, ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಒಳ್ಳೆಯ ವಾಲ್ವ್ ಇರುವುದನ್ನೇ ತೆಗೆದುಕೊಳ್ಳಿ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣ ಉಂಟು. ಮಂಜೇಶ್ವರದಿಂದ ಹೊಸದುರ್ಗದವರೆಗೆ ಎಷ್ಟೋ ಮನೆಗಳಲ್ಲಿ ಯಜಮಾನರು ಗಲ್ಫಿನಲ್ಲಿ, ಕಾರು ಶೆಡ್ಡಿನಲ್ಲಿ. ರಜೆಗೆ ಬಂದಾಗ ಮಾತ್ರ ಹೊರಗೆ ಬರುತ್ತದೆ. ತಿಂಗಳುಗಟ್ಟಲೆ ನಿಂತರೆ ಯಾವ ವಾಲ್ವೂ ಪೂರ್ತಿ ತಡೆಯುವುದಿಲ್ಲ. ಅಂಥ ಕಾರಿಗೆ 'ಕಿಲೋಮೀಟರ್ ಓಡಿಲ್ಲ, ಫಿಲ್ಟರ್ ಹಳತೇ ಇರಲಿ' ಅನ್ನುವ ಲೆಕ್ಕ ಬೇಡ. ವರ್ಷ ತುಂಬಿದರೆ ಬದಲಿಸಿ. ನಡುವೆ ಮನೆಯವರು ಎರಡು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸುವುದೂ ಸಾಲದು. ಇಪ್ಪತ್ತು ನಿಮಿಷ ಓಡಿಸಿ ಆಯಿಲ್ ಬಿಸಿಯಾಗಲಿ. ಇಲ್ಲದಿದ್ದರೆ ಒಳಗೆ ನೀರಿನ ಪಸೆ ಉಳಿದುಬಿಡುತ್ತದೆ.

ಇನ್ನು ಬೈಪಾಸ್ ವಾಲ್ವ್. ನನ್ನ ಪ್ರಕಾರ ಹೆಸರಿಲ್ಲದ ಫಿಲ್ಟರಿಗೆ ಹೆದರಬೇಕಾದದ್ದು ಇದೇ ಒಂದು ಭಾಗಕ್ಕಾಗಿ. ಕಾಗದ ಕಟ್ಟಿಕೊಂಡಾಗ, ಅಥವಾ ತಣ್ಣಗಿನ ಆಯಿಲ್ ದಪ್ಪವಾಗಿ ಕಾಗದ ದಾಟದಿದ್ದಾಗ, ಎಂಜಿನ್ ಒಣಗದಿರಲಿ ಅಂತ ಈ ವಾಲ್ವ್ ತೆರೆದು ಆಯಿಲನ್ನು ಸೋಸದೆಯೇ ಬಿಡುತ್ತದೆ. ಕಾಗದದ ಆಚೆ ಈಚೆ ಒತ್ತಡದ ವ್ಯತ್ಯಾಸ ಸುಮಾರು 1 ಬಾರ್ ಆದಾಗ ತೆರೆಯಬೇಕು. ಸ್ಪ್ರಿಂಗ್ ಸಡಿಲವಾದರೆ, ಬಿಲ್ಲೆ ಸರಿಯಾಗಿ ಕೂರದಿದ್ದರೆ, ಅದು ಯಾವಾಗಲೂ ಅರ್ಧ ತೆರೆದೇ ಇರುತ್ತದೆ. ಆಗ ನೀವು ಹಾಕಿದ್ದು ಫಿಲ್ಟರ್ ಅಲ್ಲ, ಒಂದು ಪೈಪಿನ ತುಂಡು. ತುಂಬಾ ಗಟ್ಟಿಯಾದರೆ ಅದು ತೆರೆಯುವುದೇ ಇಲ್ಲ. ಕಟ್ಟಿಕೊಂಡ ಕಾಗದದ ಮೇಲೆ ಒತ್ತಡ ಬಿದ್ದು ಮಡಿಕೆಗಳು ಹರಿಯುತ್ತವೆ, ನಡುವಿನ ತೂತುಗಳ ಕೊಳವೆ ಜಜ್ಜಿಹೋಗುತ್ತದೆ. ಎರಡರಲ್ಲೂ ಹೆಚ್ಚಾಗಿ ಹೊರಗೆ ಎಂತದೂ ಕಾಣುವುದಿಲ್ಲ. ಲೀಕ್ ಇಲ್ಲ, ಸದ್ದಿಲ್ಲ, ದೀಪ ಹತ್ತುವುದಿಲ್ಲ. 'ಲೋಕಲ್ ಹಾಕಿ ವರ್ಷ ಆಯ್ತು, ಎಂತ ತೊಂದರೆಯೂ ಇಲ್ಲ' ಅನ್ನುವ ಮಾತಿಗೆ ಬೆಲೆ ಇಲ್ಲದಿರುವುದು ಅದಕ್ಕೇ.

ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ಎಂಜಿನ್ ಬ್ಲಾಕಿನಲ್ಲೇ ಇರುತ್ತದೆ. ಅವುಗಳ ಫಿಲ್ಟರ್ ಒಳಗೆ ವಾಲ್ವ್ ಇಲ್ಲದಿದ್ದರೆ ಅದು ಕಂಜೂಸಿತನ ಅಲ್ಲ. ಪಾರ್ಟ್ ನಂಬರ್ ನೋಡದೆ 'ಇದೂ ಕೂರುತ್ತದೆ' ಅಂತ ಕೊಟ್ಟದ್ದನ್ನು ತೆಗೆದುಕೊಂಡರೆ ಬರುವ ಅಪಾಯ ಇಲ್ಲಿಯೇ: ಒಳಗೆ ವಾಲ್ವ್ ಬೇಕಾದ ಎಂಜಿನ್ನಿಗೆ ವಾಲ್ವ್ ಇಲ್ಲದ ಫಿಲ್ಟರ್ ಹೋಗಿ ಕೂರಬಹುದು.

ಕಾಗದದ ಬಗ್ಗೆ ಜನ ಮಡಿಕೆ ಎಣಿಸುತ್ತಾರೆ. ಮಡಿಕೆ ಹೆಚ್ಚಿದ್ದರೆ ಒಳ್ಳೆಯದು ಅನ್ನುವುದು ಅರ್ಧ ಸತ್ಯ. ಒತ್ತೊತ್ತಾಗಿ ತುರುಕಿದ ಮಡಿಕೆಗಳ ನಡುವೆ ಆಯಿಲ್ ಹೋಗಲು ಜಾಗ ಇರುವುದಿಲ್ಲ. ಮಡಿಕೆಗಳು ಸಮ ಅಂತರದಲ್ಲಿ ನೆಟ್ಟಗೆ ನಿಂತಿರಬೇಕು, ಅದಕ್ಕಿಂತ ಮುಖ್ಯವಾಗಿ ಎರಡು ತುದಿಯಲ್ಲೂ ಅಂಟು ಪೂರ್ತಿ ಸುತ್ತು ಬಂದಿರಬೇಕು. ತುದಿಯ ಮುಚ್ಚಳ ತಗಡಿನದೋ ರಟ್ಟಿನದೋ ಅನ್ನುವುದು ದೊಡ್ಡ ವಿಷಯ ಅಲ್ಲ, ಅಂಟು ಹಿಡಿದಿದ್ದರೆ ರಟ್ಟೂ ಸಾಕು. ತೆಂಗಿನಹಾಲು ಸೋಸುವ ಬಟ್ಟೆ ಎಷ್ಟು ನಯವಾಗಿದ್ದರೂ ಅಂಚು ಜಾರಿದರೆ ಚರಟ ಪಾತ್ರೆಗೆ ಬೀಳುತ್ತದಲ್ಲ, ಹಾಗೆ.

ಪೆಟ್ಟಿಗೆಯ ಮೇಲೆ '20 ಮೈಕ್ರಾನ್' (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಅಂತ ಬರೆದಿದ್ದರೆ, ಎಷ್ಟು ಶೇಕಡಾ ಅಂತ ಕೇಳಿ. 20 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 50 ಹಿಡಿದರೂ ಹಾಗೆ ಬರೆಯಬಹುದು, 99 ಹಿಡಿದರೂ ಬರೆಯಬಹುದು. ಐಎಸ್‌ಒ 4548-12 ಪರೀಕ್ಷೆಯ ಹೆಸರೂ ಶೇಕಡಾವಾರೂ ಒಟ್ಟಿಗೆ ಇದ್ದರೆ ಮಾತ್ರ ಆ ಅಂಕಿಗೆ ಅರ್ಥ.

ಥ್ರೆಡ್ ವಿಷಯದಲ್ಲಿ ಒಂದು ಎಚ್ಚರಿಕೆ. ಜಪಾನಿ, ಕೊರಿಯನ್ ಮೂಲದ ಅನೇಕ ಸಣ್ಣ ಕಾರುಗಳದು 20 ಮಿಲಿಮೀಟರ್ ಅಗಲ, 1.5 ಪಿಚ್ (ಸುತ್ತಿನಿಂದ ಸುತ್ತಿಗೆ 1.5 ಮಿಲಿಮೀಟರ್). ಬೇರೆ ಕೆಲವು ಎಂಜಿನ್‌ಗಳದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು, ಅಂದರೆ 19.05 ಮಿಲಿಮೀಟರ್. 20ರ ಫಿಲ್ಟರ್ ಮುಕ್ಕಾಲು ಇಂಚಿನ ಸ್ಟಡ್ಡಿಗೆ (ಫಿಲ್ಟರ್ ತಿರುಗಿಸಿ ಹಾಕುವ ಎಂಜಿನ್ ಕಡೆಯ ಥ್ರೆಡ್ ಕೊಳವೆ) ಸಲೀಸಾಗಿ ಹತ್ತುತ್ತದೆ, ಬಿಗಿಯಾದ ಹಾಗೂ ಅನ್ನಿಸುತ್ತದೆ. ಹೈವೇಯಲ್ಲಿ ಒತ್ತಡ ಏರಿದಾಗ ಕಳಚಿಕೊಳ್ಳಬಹುದು. ಹಳೆಯದನ್ನು ಅಂಗಡಿಗೆ ಒಯ್ದು ಥ್ರೆಡ್, ಗ್ಯಾಸ್ಕೆಟಿನ (ಬಾಯಿಯ ಸುತ್ತಿನ ರಬ್ಬರ್ ಬಳೆ) ಅಗಲ, ಡಬ್ಬದ ಎತ್ತರ ಮೂರನ್ನೂ ಜೋಡಿಸಿ ನೋಡಿ. ಮೊಬೈಲ್ ಟಾರ್ಚ್ ಹಾಕಿ ನಡುವಿನ ಕೊಳವೆ ನೋಡಿ. ಸೀಳುಗಳಿದ್ದರೆ ಅವು ನಿಜವಾಗಿ ತೆರೆದಿರಬೇಕು, ಅಚ್ಚು ಒತ್ತಿ ಬಿಟ್ಟ ಗೆರೆಗಳಂತಿರಬಾರದು. ಒಳಗೆ ತುಕ್ಕಿನ ಚುಕ್ಕೆ ಕಂಡರೆ ವಾಪಸ್ ಕೊಡಿ. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸೀಲ್ ಇಲ್ಲದ ಫಿಲ್ಟರ್ ಅಂಗಡಿಯ ಅಟ್ಟದಲ್ಲಿ ಎರಡು ಆಟಿ (ತುಳುವಿನ ಮಳೆಗಾಲದ ತಿಂಗಳು) ಕಳೆದರೆ ಒಳಗೆ ತುಕ್ಕು ಹಿಡಿಯುತ್ತದೆ, ಎಷ್ಟು ದೊಡ್ಡ ಹೆಸರಿನದಾದರೂ.

ಹಾಗಾದರೆ ಯಾವುದು ತೆಗೆದುಕೊಳ್ಳಬೇಕು? ಬ್ರಾಂಡ್ ಹೆಸರು ಹೇಳಿ ಒಂದು ಎರಡು ಮೂರು ಅಂತ ಸ್ಥಾನ ಕೊಡಲು ನನಗೆ ಮನಸ್ಸಿಲ್ಲ, ಯಾಕೆಂದರೆ ಒಂದೇ ಕಂಪನಿಯ ಎರಡು ಪಾರ್ಟ್ ನಂಬರಿನೊಳಗೆ ಬೇರೆ ಬೇರೆ ರಬ್ಬರ್, ಬೇರೆ ಬೇರೆ ಕಾಗದ ಇರಬಹುದು. ಸಣ್ಣ ಪೆಟ್ರೋಲ್ ಕಾರಿಗೆ ಕಾರು ಕಂಪನಿಯ ಫಿಲ್ಟರೇ ದುಬಾರಿ ಅಲ್ಲ, ನಂಬುವ ಅಂಗಡಿಯಿಂದ ಸೀಲ್ ಇರುವುದನ್ನು ತನ್ನಿ. ಹೆಸರಿರುವ ಫಿಲ್ಟರ್ ಕಂಪನಿಯದು ನಿಮ್ಮ ಮಾಡೆಲಿಗೆ ಅಂತಲೇ ಇರುವುದಾದರೆ ಅದೂ ಧಾರಾಳ ಆಯಿತು. ಮೂರು ಲೀಟರ್ ಆಯಿಲಿಗೆ ಸಾವಿರದ ಮೇಲೆ ಕೊಟ್ಟು, ಐವತ್ತು ರೂಪಾಯಿಗೋಸ್ಕರ ಹೆಸರಿಲ್ಲದ ಡಬ್ಬ ಹಾಕುವುದನ್ನು ಮಾತ್ರ ಯಾವ ಲೆಕ್ಕದಲ್ಲೂ ಒಪ್ಪಲಾರೆ.

ಒಳ್ಳೆಯ ಫಿಲ್ಟರೂ ಹಾಕುವ ಕೈಯಲ್ಲಿ ಕೆಡುತ್ತದೆ. ಹಳೆಯ ಗ್ಯಾಸ್ಕೆಟ್ ಎಂಜಿನ್ನಿಗೆ ಅಂಟಿಕೊಂಡು ಉಳಿದಿದೆಯೋ ಅಂತ ಬೆರಳಾಡಿಸಿ ನೋಡಿ. ಅದರ ಮೇಲೆ ಹೊಸದು ಕೂತರೆ ಕೆಲವೇ ನಿಮಿಷದಲ್ಲಿ ಆಯಿಲ್ ಪೂರ್ತಿ ಹೊರಗೆ. ಹೊಸ ಗ್ಯಾಸ್ಕೆಟಿಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಡಬ್ಬದ ಮೇಲೆ ಬೇರೆ ಬರೆದಿದ್ದರೆ ಅದರ ಪ್ರಕಾರ. ಬಿಚ್ಚುವ ಪಾನ ಬಿಚ್ಚಲಿಕ್ಕೆ ಮಾತ್ರ.

ಬಿಚ್ಚಿದ ಹಳೆಯದನ್ನು ಎಸೆಯಬೇಡಿ. ಒಂದು ರಾತ್ರಿ ಬಾಯಿ ಕೆಳಗಾಗಿ ಡಬ್ಬಿಯ ಮೇಲೆ ಕವುಚಿಡಿ, ಒಳಗಿನ ಆಯಿಲ್ ಇಳಿಯಲಿ. ಮುರಕಲ್ಲಿನ ನೆಲ ನಮ್ಮದು, ಅಂಗಳಕ್ಕೆ ಚೆಲ್ಲಿದ್ದು ಬಾವಿಗೂ ಗುಡ್ಡ ಕೊರೆದ ನೀರಿನ ಸುರಂಗಕ್ಕೂ ದಾರಿ ಕಂಡುಕೊಳ್ಳುತ್ತದೆ. ಆಮೇಲೆ ಬಾಯಿಯ ಅಂಚಿನ ಕೆಳಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಸುತ್ತಲೂ ಕೊಯ್ಯಿರಿ. ಬ್ಲೇಡಿನ ಪುಡಿಯನ್ನು ಎಂಜಿನ್ನಿನ ಪುಡಿ ಅಂದುಕೊಂಡು ಗಾಬರಿಯಾಗಬೇಡಿ. ರಬ್ಬರ್ ಬಿಲ್ಲೆಯನ್ನು ಎರಡು ಬೆರಳಲ್ಲಿ ಮಡಚಿ, ಒಡಕಲು ಸದ್ದು ಬಂದರೆ ಅದು ಬೆಂದುಹೋಗಿದೆ. ಬೈಪಾಸ್ ಬಿಲ್ಲೆಯನ್ನು ಪೆನ್ಸಿಲಿನಿಂದ ಒತ್ತಿ, ಸ್ಪ್ರಿಂಗ್ ಎದುರು ತಳ್ಳಬೇಕು. ಕಾಗದವನ್ನು ಹರಿದು ಉದ್ದಕ್ಕೆ ಬಿಡಿಸಿ, ಉದ್ದ ಅಗಲ ಅಳೆದು ಬರೆದಿಡಿ. ತುದಿಯ ಅಂಟಿನಿಂದ ಮಡಿಕೆ ಎಲ್ಲಾದರೂ ಎದ್ದಿದ್ದರೆ ಫೋನಿನಲ್ಲಿ ಫೋಟೋ ತೆಗೆದು, ಮುಂದಿನ ಸಲ ಅದೇ ಪೆಟ್ಟಿಗೆ ಕೊಡಲು ಬಂದವರಿಗೆ ತೋರಿಸಿ.