ಕತ್ತರಿಸಿದ ಕುರುಳು ಸಣ್ಣ ವಿಷಯವೇ?

ನಮಸ್ಕಾರ ಕೇಳುಗರೇ.

ಬೆಲಿಂಡಾ ಎಂಬ ಹುಡುಗಿ ಕಾಫಿ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ಕೂತಿದ್ದಾಳೆ. ಜಾಗ ಲಂಡನ್ನಿನ ಹತ್ತಿರ, ಥೇಮ್ಸ್ ನದಿಯ ದಡದ ಹ್ಯಾಂಪ್ಟನ್ ಕೋರ್ಟ್ ಅರಮನೆ. ಸುತ್ತ ದೊಡ್ಡ ಮನೆತನದ ಜನ. ಅವಳ ಬೆನ್ನ ಹಿಂದೆ ಒಬ್ಬ ಗಂಡಸು ನಿಂತಿದ್ದಾನೆ. ಅವನನ್ನು ಬ್ಯಾರನ್ ಎಂಬ ಬಿರುದಿನಿಂದಲೇ ಕರೆಯುತ್ತಾರೆ. ಕ್ಲಾರಿಸ್ಸಾ ಎಂಬ ಹೆಂಗಸು ಅವನ ಕೈಗೆ ಕತ್ತರಿ ಕೊಡುತ್ತಾಳೆ. ಬೆಲಿಂಡಾಳ ಕುತ್ತಿಗೆಯ ಮೇಲೆ ಎರಡು ಕುರುಳು ಇಳಿಬಿದ್ದಿವೆ. ಅವನು ಅದರಲ್ಲೊಂದನ್ನು ಕತ್ತರಿಸುತ್ತಾನೆ. ಅವಳು ಚೀರುತ್ತಾಳೆ.

ಇದು ಅಲೆಕ್ಸಾಂಡರ್ ಪೋಪ್ ಬರೆದ ‘ದಿ ರೇಪ್ ಆಫ್ ದಿ ಲಾಕ್’ ಎಂಬ ಇಂಗ್ಲಿಷ್ ಕಾವ್ಯದ ದೃಶ್ಯ. ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇದು ಪಠ್ಯವಾಗಿ ಗೊತ್ತಿರುತ್ತದೆ. ಇದರ ಹಿಂದೆ ನಡೆದ ಸಂಗತಿಯೊಂದಿದೆ. ಲಾರ್ಡ್ ಪೀಟರ್ ಎಂಬ ಯುವಕ ಅರಬೆಲ್ಲಾ ಫರ್ಮರ್ ಎಂಬ ಹುಡುಗಿಯ ಕೂದಲನ್ನು ಅವಳನ್ನು ಕೇಳದೆ ಕತ್ತರಿಸಿದ. ಎರಡು ಮನೆತನಗಳ ನಡುವೆ ಮಾತು ನಿಂತುಹೋಯಿತು. ಇಬ್ಬರಿಗೂ ಬೇಕಾದ ಜಾನ್ ಕ್ಯಾರಿಲ್ ಎಂಬವರು ಪೋಪ್‌ಗೆ ಹೇಳಿದರು: ಇದರ ಮೇಲೆ ಒಂದು ತಮಾಷೆಯ ಪದ್ಯ ಬರಿ, ಎಲ್ಲರೂ ನಕ್ಕು ರಾಜಿಯಾಗಲಿ. 1712ರಲ್ಲಿ ಎರಡು ಭಾಗಗಳ ಪದ್ಯ ಅಚ್ಚಾಯಿತು. 1714ರಲ್ಲಿ ಅದು ಐದು ಭಾಗಕ್ಕೆ ಬೆಳೆಯಿತು. ನಾಲ್ಕೇ ದಿನದಲ್ಲಿ 3,000 ಪ್ರತಿ ಮಾರಾಟವಾಯಿತು ಎಂದು ಪೋಪ್ ಬರೆದಿದ್ದಾನೆ.

ಆ ಹುಡುಗಿಯ ಜಾಗದಲ್ಲಿ ನಿಂತು ಯೋಚಿಸಿ. ಕೆಲವರಿಗಷ್ಟೇ ಗೊತ್ತಿದ್ದ ವಿಷಯ. ರಾಜಿ ಮಾಡಿಸುವ ಹೆಸರಿನಲ್ಲಿ ಅದು ಊರೆಲ್ಲ ಓದುವ ಪುಸ್ತಕವಾಯಿತು.

ಶೀರ್ಷಿಕೆಯಲ್ಲಿರುವ ‘ರೇಪ್’ ಎಂಬ ಪದದ ಬಗ್ಗೆ ತರಗತಿಯಲ್ಲಿ ನಾವು ಬೇಗ ಬೇಗ ಹೇಳಿ ಮುಗಿಸುತ್ತೇವೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ‘ಕಿತ್ತುಕೊಳ್ಳುವುದು’ ಎಂಬ ಅರ್ಥ, ಇಲ್ಲಿ ಅಷ್ಟೇ, ಮುಂದೆ ಓದೋಣ ಅಂತ. ಅದು ಸುಳ್ಳಲ್ಲ. ಆದರೆ ಪೋಪ್‌ನ ಕಾಲದ ಇಂಗ್ಲೆಂಡಿನ ಕಾನೂನಿನಲ್ಲಿ ಆ ಪದಕ್ಕೆ ಅತ್ಯಾಚಾರ ಎಂಬ ಇವತ್ತಿನ ಅರ್ಥವೂ ಇತ್ತು. ಅವನಿಗೂ ಅವನ ಓದುಗರಿಗೂ ಎರಡೂ ಗೊತ್ತಿತ್ತು. ಆ ಎರಡನೇ ಅರ್ಥ ಹಿಂದೆ ಇರುವುದರಿಂದಲೇ ಶೀರ್ಷಿಕೆ ನಗು ತರಿಸುತ್ತದೆ. ಇಷ್ಟು ದೊಡ್ಡ ಪದ, ಇಷ್ಟು ಸಣ್ಣ ಕೂದಲು! ಅಣಕು ಮಹಾಕಾವ್ಯ ನಡೆಯುವುದೇ ಹೀಗೆ. ಇಲ್ಲಿ ಇಸ್ಪೀಟಾಟವೇ ಯುದ್ಧ, ಕತ್ತರಿಯೇ ಕತ್ತಿ, ಲಂಗವೇ ಗುರಾಣಿ. ಸಣ್ಣದಕ್ಕೆ ದೊಡ್ಡ ವೇಷ ಹಾಕಿದಾಗ ನಗು ಬರುತ್ತದೆ. ನಗಬೇಕಾದರೆ ಮಾತ್ರ ಇದು ಸಣ್ಣದು ಎಂದು ನಾವು ಮೊದಲೇ ಒಪ್ಪಿಕೊಂಡಿರಬೇಕು.

ನಾನು ಒಪ್ಪಿಕೊಂಡು ನಕ್ಕವಳೇ. ಆ ನಗು ನಿಂತದ್ದು ಪಂಪಭಾರತ ಓದುವಾಗ. ದುಶ್ಶಾಸನ ಸಭೆಯಲ್ಲಿ ದ್ರೌಪದಿಯ ಮುಡಿ ಹಿಡಿದು ಎಳೆದ. ಅವನು ಸತ್ತ ಮೇಲೆ ಭೀಮ ತನ್ನ ಕೈಯಿಂದ ಅವಳ ಮುಡಿ ಕಟ್ಟುತ್ತಾನೆ. ಆಗ ಅವನ ಬಾಯಲ್ಲಿ ಪಂಪ ಹೇಳಿಸುವ ಮಾತು ಕನ್ನಡಿಗರಿಗೆಲ್ಲ ಗೊತ್ತು. ಈ ಮುಡಿಯೇ ಮಹಾಭಾರತಕ್ಕೆ ಆದಿಯಾಯ್ತು, ಹೇಳು, ನಿನ್ನ ಕೇಶಪಾಶದ ವಿಚಾರ ‘ಸಾಮಾನ್ಯಮೆ?’

ಎರಡು ಕಡೆಯೂ ಹೆಣ್ಣಿನ ಕೂದಲು. ಎರಡು ಕಡೆಯೂ ಅವಳ ಒಪ್ಪಿಗೆಯಿಲ್ಲದೆ ಚಾಚಿದ ಕೈ. ಮಹಾಕಾವ್ಯ ‘ಇದು ಸಾಮಾನ್ಯವೇ?’ ಎಂದು ಕೇಳಿತು. ಅಣಕು ಕಾವ್ಯ ‘ಇದು ಸಾಮಾನ್ಯ’ ಎಂಬಲ್ಲಿಂದಲೇ ಶುರುವಾಯಿತು. ಎಳೆದದ್ದೂ ಕತ್ತರಿಸಿದ್ದೂ ಒಂದೇ ಅಂತ ನಾನು ಹೇಳುತ್ತಿಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಗಾದ ಹಿಂಸೆ ಬಹಳ ದೊಡ್ಡದು. ನನ್ನನ್ನು ಕಾಡುವುದು ಅಳತೆಗೋಲು. ಎಷ್ಟು ದೊಡ್ಡದು, ಎಷ್ಟು ಸಣ್ಣದು ಎಂದು ಅಳೆಯುವವರು ಯಾರು? ಆ ಕಾವ್ಯದಲ್ಲಂತೂ ಬೆಲಿಂಡಾ ಅಲ್ಲ.

ಆದರೂ ಪೋಪ್‌ನನ್ನು ಬದಿಗೆ ತಳ್ಳಲು ನನಗೆ ಮನಸ್ಸಿಲ್ಲ. ಅವನ ಕಿವಿ ತುಂಬಾ ಚುರುಕು. ಸಮಾಜ ಇಂಥ ಹೊತ್ತಿನಲ್ಲಿ ಏನೇನು ಹೇಳುತ್ತದೋ ಅದೆಲ್ಲ ಅವನ ಸಾಲುಗಳಲ್ಲಿದೆ. ಬ್ಯಾರನ್ ಆ ಕುರುಳನ್ನು ಬಲದಿಂದ ಪಡೆಯಲೋ ಮೋಸದಿಂದ ಪಡೆಯಲೋ ಎಂದು ಲೆಕ್ಕ ಹಾಕುತ್ತಾನೆ. ಅಲ್ಲೇ ಪೋಪ್ ಒಂದು ಮಾತು ಸೇರಿಸುತ್ತಾನೆ: ಗಂಡಸು ಗೆದ್ದ ಮೇಲೆ, ಬಲವೋ ಮೋಸವೋ ಎಂದು ಕೇಳುವವರು ಕಡಿಮೆ.

ಮುಂದೆ ಬೆಲಿಂಡಾಳ ಗೆಳತಿ ಥಲೆಸ್ಟ್ರಿಸ್ ಬರುತ್ತಾಳೆ. ಅವಳ ಚಿಂತೆಯೆಲ್ಲ ಜನ ಏನಂತಾರೆ ಎಂಬುದು. ಜನ ಆಡಿಕೊಳ್ಳುವುದು ನನಗೆ ಈಗಲೇ ಕೇಳಿಸುತ್ತಿದೆ, ಒಂದು ಪಿಸುಮಾತಿನಲ್ಲಿ ನಿನ್ನ ಮಾನವೆಲ್ಲ ಹೋಯಿತು, ಇನ್ನು ನಿನ್ನ ಗೆಳತಿ ಎನಿಸಿಕೊಳ್ಳುವುದೂ ಅವಮಾನ. ಕತ್ತರಿ ಹಿಡಿದವನ ಮಾನದ ಮಾತೇ ಇಲ್ಲ. ಮುಳ್ಳು ಸೆರಗಿನ ಮೇಲೆ ಬಿದ್ದರೂ, ಸೆರಗು ಮುಳ್ಳಿನ ಮೇಲೆ ಬಿದ್ದರೂ, ಹರಿಯುವುದು ಸೆರಗೇ ಎಂದು ನಮ್ಮ ಕಡೆ ಹೇಳುವುದಿಲ್ಲವೇ? ನಮ್ಮ ‘ಮಾನಭಂಗ’ ಎಂಬ ಪದವೂ ಅದೇ ಜಾತಿಯದು. ಅಪರಾಧ ಅವನದು, ಮುರಿದದ್ದು ಅವಳ ಮಾನ. ಈ ಪದ ನಮ್ಮ ಬಾಯಿಂದ ಹೋಗಲಿ ಎಂದು ನನ್ನ ಆಸೆ.

ಇದನ್ನೆಲ್ಲ ಕೇಳಿದ ಬೆಲಿಂಡಾ ಬ್ಯಾರನ್‌ನನ್ನು ಉದ್ದೇಶಿಸಿ ಒಂದು ಮಾತು ಹೇಳುತ್ತಾಳೆ. ಕಣ್ಣಿಗೆ ಅಷ್ಟಾಗಿ ಕಾಣದ ಕೂದಲನ್ನಾದರೂ ನೀನು ತೆಗೆದುಕೊಳ್ಳಬಾರದಿತ್ತೇ ಎಂದು. ಈ ಸಾಲಿಗೆ ಮುನ್ನೂರು ವರ್ಷದಿಂದ ಓದುಗರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಾರೆ. ಸಾಲಿನ ಇನ್ನೊಂದು ಅರ್ಥ ನಿಮಗೂ ಹೊಳೆದಿರುತ್ತದೆ. ಹುಡುಗಿಗೆ ಶೀಲಕ್ಕಿಂತ ತೋರಿಕೆ ಮುಖ್ಯ ಎಂದು ಪೋಪ್ ಚುಚ್ಚುತ್ತಾನೆ. ನನಗೆ ಅಲ್ಲಿ ಬೇರೆಯದೇ ಕೇಳಿಸುತ್ತದೆ. ಕಾಣುವ ಗಾಯವಾದರೆ ಊರು ಅವಳನ್ನೇ ದೂರುತ್ತದೆ. ಕಾಣದಿದ್ದರೆ ನುಂಗಿಕೊಂಡು ಬದುಕಬಹುದು. ಈ ಲೆಕ್ಕ ಅವಳು ಹುಟ್ಟುತ್ತಾ ಕಲಿತದ್ದಲ್ಲ. ಅವಳಿಗೆ ಕಲಿಸಿದ್ದಾರೆ.

ಇನ್ನೊಂದು ಸಣ್ಣ ಘಟನೆ ಇದೆ. ಬೆಲಿಂಡಾಳನ್ನು ಕಾಯಲು ಏರಿಯಲ್ ಎಂಬ ಗಾಳಿಯ ದೇವತೆ ಇದ್ದಾನೆ. ಕತ್ತರಿ ಮುಚ್ಚುವ ಗಳಿಗೆಯಲ್ಲಿ ಅವನು ಅವಳ ಎದೆಯೊಳಗೆ ಇಣುಕುತ್ತಾನೆ. ಅಲ್ಲಿ ಒಬ್ಬ ಪ್ರಿಯಕರ ಅಡಗಿದ್ದಾನೆ! ಏರಿಯಲ್‌ನ ಶಕ್ತಿ ಉಡುಗುತ್ತದೆ. ನಿಟ್ಟುಸಿರು ಬಿಟ್ಟು ಹಿಂದೆ ಸರಿಯುತ್ತಾನೆ. ಆ ಪ್ರಿಯಕರ ಯಾರೆಂದು ಪೋಪ್ ಹೇಳುವುದಿಲ್ಲ. ಇಡೀ ಕಾವ್ಯದಲ್ಲಿ ನನಗೆ ತುಂಬಾ ನೋವು ಕೊಡುವ ಜಾಗ ಇದು. ಹುಡುಗಿಯ ಮನಸ್ಸಿನಲ್ಲಿ ಯಾರ ಮೇಲೋ ಪ್ರೀತಿ ಇದೆ, ಆದ್ದರಿಂದ ಅವಳಿಗೆ ಕಾವಲು ಬೇಡ. ‘ಅವಳಿಗೂ ಇಷ್ಟ ಇತ್ತಂತೆ’, ‘ಇಬ್ಬರೂ ಸಲಿಗೆಯಿಂದ ಇದ್ದರಂತೆ’ ಎಂಬ ಮಾತುಗಳನ್ನು ನಾವು ಎಷ್ಟು ಸಲ ಕೇಳಿಲ್ಲ?

ಅದೇ ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಅತ್ಯಾಚಾರದ ಬಗ್ಗೆ ಬರೆದ ಮಾತು ಅವನು ಸತ್ತು ಅರವತ್ತು ವರ್ಷದ ಮೇಲೆ, 1736ರಲ್ಲಿ ಅಚ್ಚಾಯಿತು. ಈ ಆರೋಪ ಹೊರಿಸುವುದು ಸುಲಭ, ಸಾಬೀತು ಮಾಡುವುದು ಕಷ್ಟ, ತಪ್ಪಿಲ್ಲದ ಗಂಡಸಿಗೂ ಇದರಿಂದ ಪಾರಾಗುವುದು ಇನ್ನೂ ಕಷ್ಟ ಎಂದು. ಆರೋಪ ಹೊರಿಸುವುದು ಸುಲಭವಂತೆ! ಆ ಮಾತನ್ನು ನ್ಯಾಯಾಲಯಗಳು ತಲೆಮಾರುಗಟ್ಟಲೆ ಉರು ಹೊಡೆದವು.

ಕಾವ್ಯದ ಕೊನೆಯ ಭಾಗದಲ್ಲಿ ಕ್ಲಾರಿಸ್ಸಾ ಮಾತಾಡುತ್ತಾಳೆ. ಈ ಭಾಷಣವನ್ನು ಪೋಪ್ 1717ರಲ್ಲಿ ಸೇರಿಸಿದ. ಕಿರುಚಾಟ, ಬೈಗುಳ ಗೆಲ್ಲಲಾರದ್ದನ್ನು ನಗುಮುಖ ಗೆಲ್ಲುತ್ತದೆ ಎಂದು ಅವಳ ಬುದ್ಧಿಮಾತು. ವಿವೇಕದ ಮಾತು ಇದೇ ಎಂದು ಅನೇಕರು ಹೇಳುತ್ತಾರೆ. ಆದರೆ ಕತ್ತರಿ ಕೊಟ್ಟವಳು ಅವಳೇ ಅಲ್ವಾ?

ನಗುತ್ತಾ ಸುಮ್ಮನಿರಬೇಕು ಎಂಬ ಈ ಬುದ್ಧಿಮಾತು ಬ್ರಿಟಿಷರ ಕಾನೂನಿನ ಜೊತೆ ನಮ್ಮ ನಾಡಿಗೂ ಬಂತು. 1860ರ ದಂಡ ಸಂಹಿತೆಯ 95ನೇ ಕಲಂ ಹೇಳುತ್ತಿದ್ದುದು ಇಷ್ಟು: ಸಾಮಾನ್ಯ ಬುದ್ಧಿ, ಸಾಮಾನ್ಯ ಸ್ವಭಾವದವರು ದೂರು ಹೇಳದಷ್ಟು ಸಣ್ಣ ಕೆಡುಕು ಅಪರಾಧವಲ್ಲ. 1988ರಲ್ಲಿ ಚಂಡೀಗಢದ ಒಂದು ಔತಣಕೂಟದಲ್ಲಿ ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರ ಮೈಮೇಲೆ ಪಂಜಾಬಿನ ಆಗಿನ ಪೊಲೀಸ್ ಮುಖ್ಯಸ್ಥರು ಕೈ ಹಾಕಿದರು. ಬಜಾಜ್ ದೂರು ಕೊಟ್ಟರು. ಹೈಕೋರ್ಟ್ ಇದೇ ಕಲಂ ತೋರಿಸಿ ಪ್ರಕರಣವನ್ನೇ ರದ್ದು ಮಾಡಿತು. ಸಣ್ಣ ವಿಷಯ ಎಂದು. ಅವರು ಬಿಡಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ತಳ್ಳಿಹಾಕಿತು. ಮರುವರ್ಷ ವಿಚಾರಣಾ ನ್ಯಾಯಾಲಯ ಅಪರಾಧ ಸಾಬೀತಾಗಿದೆ ಎಂದಿತು. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದು ಸಣ್ಣ ವಿಷಯ ಅಲ್ಲ ಎಂದು ಕೊನೆಯದಾಗಿ ಹೇಳಿಸಿಕೊಳ್ಳಲು ಒಬ್ಬ ಹಿರಿಯ ಅಧಿಕಾರಿಗೇ ಹದಿನೇಳು ವರ್ಷ ಬೇಕಾಯಿತು.

ಬೆಲಿಂಡಾ ಕ್ಲಾರಿಸ್ಸಾಳ ಮಾತು ಕೇಳುವುದಿಲ್ಲ. ಅದು ನನಗೆ ಇಷ್ಟ. ಚಾವಣಿ ಮಾರ್ದನಿಸುವಂತೆ ಕೂಗುತ್ತಾಳೆ, ನನ್ನ ಕುರುಳು ಕೊಡು ಎಂದು. ಎಲ್ಲರೂ ಹುಡುಕುತ್ತಾರೆ. ಎಲ್ಲೂ ಸಿಗುವುದಿಲ್ಲ. ಅದು ಆಕಾಶಕ್ಕೆ ಹಾರಿ ನಕ್ಷತ್ರವಾಯಿತು, ಬೆಲಿಂಡಾಳ ಹೆಸರು ಅಲ್ಲಿ ಉಳಿಯುತ್ತದೆ ಎಂದು ಪೋಪ್ ಸಮಾಧಾನ ಹೇಳುತ್ತಾನೆ. ಸಾಲುಗಳು ಬಹಳ ಚೆಂದ ಇವೆ. ಇಡೀ ಕಾವ್ಯ 794 ಸಾಲು, ಬರೆಸಿದ್ದು ರಾಜಿಗಾಗಿ. ಅಷ್ಟರಲ್ಲಿ ಒಂದು ಸಾಲಿನಲ್ಲೂ ಬ್ಯಾರನ್ ‘ತಪ್ಪಾಯಿತು’ ಎನ್ನುವುದಿಲ್ಲ.

ನಮಸ್ಕಾರ.