‘ಡಿಸ್‌ಗ್ರಂಟಲ್ಡ್’: ಗೊಣಗಾಟದಿಂದ ಹುಟ್ಟಿದ ಒಂದು ಪದ

ಕೇಳುಗರಿಗೆ ನಮಸ್ಕಾರ.

ಬಡ್ತಿ ತಪ್ಪಿದ ನೌಕರ, ಸಚಿವ ಸ್ಥಾನ ಸಿಗದ ಶಾಸಕ, ತಂಡದಲ್ಲಿ ಸ್ಥಾನ ಕಳೆದುಕೊಂಡ ಆಟಗಾರ, ಇಂಥವರ ಮನಃಸ್ಥಿತಿಯನ್ನು ಹೇಳಲು ಇಂಗ್ಲಿಷ್ ಪತ್ರಿಕೆಗಳು ಮತ್ತೆ ಮತ್ತೆ ಬಳಸುವ ವಿಶೇಷಣ ‘ಡಿಸ್‌ಗ್ರಂಟಲ್ಡ್’. ಇದು ಬರಿಯ ಸಿಟ್ಟಲ್ಲ. ತನಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ಒಳಗೊಳಗೇ ಕುದಿಯುತ್ತ, ಆಗಾಗ ಮಾತಿನಲ್ಲಿ ಹೊರಬೀಳುವ ಅಸಮಾಧಾನ.

ಈ ಪದದ ತಿರುಳು ‘ಗ್ರಂಟ್’, ಅಂದರೆ ಹಂದಿಯ ಗುರುಗುಟ್ಟುವಿಕೆ. ಹಳೆಯ ಇಂಗ್ಲಿಷಿನಿಂದ ಬಂದ ಈ ಕ್ರಿಯಾಪದ ಸದ್ದನ್ನೇ ಅನುಕರಿಸಿ ಹುಟ್ಟಿದ್ದು. ‘ಗೊಣಗು’, ‘ಗುರುಗುಟ್ಟು’ ಎಂಬ ಮಾತುಗಳನ್ನು ಆಡುವ ನಮ್ಮ ಕಿವಿಗೆ ಇದು ಹೊಸದೆನಿಸುವುದಿಲ್ಲ. ಕ್ರಿಯೆ ಪದೇ ಪದೇ ನಡೆಯುತ್ತದೆಂದು ತಿಳಿಸಲು ಇಂಗ್ಲಿಷಿನಲ್ಲಿ ಒಂದು ಪ್ರತ್ಯಯವಿದೆ: ‘ಕ್ರ್ಯಾಕ್’ ಎಂಬುದು ‘ಕ್ರ್ಯಾಕಲ್’ ಆಗುವುದು ಅದರಿಂದಲೇ. ಹಾಗೆಯೇ ‘ಗ್ರಂಟ್’ನಿಂದ ‘ಗ್ರಂಟಲ್’ ಹುಟ್ಟಿ, ಮೊದಲು ಮೆಲ್ಲಗೆ ಗುರುಗುಟ್ಟುವುದೆಂದೂ ಅನಂತರ ಮನುಷ್ಯರ ವಿಷಯದಲ್ಲಿ ಗೊಣಗುವುದೆಂದೂ ಅರ್ಥ ಪಡೆಯಿತು.

17ನೆಯ ಶತಮಾನದಲ್ಲಿ ಇದರ ಮುಂದೆ ‘ಡಿಸ್’ ಸೇರಿತು. ನಾವು ಎಡವುವುದು ಇಲ್ಲಿಯೇ. ‘ಡಿಸ್ಆನೆಸ್ಟ್’ ಎಂದರೆ ಪ್ರಾಮಾಣಿಕವಲ್ಲದ್ದು ಎಂದು ಶಾಲೆಯಲ್ಲಿ ಕಲಿತ ನಮಗೆ ‘ಡಿಸ್’ ಎಂದೊಡನೆ ನಿಷೇಧವೇ ನೆನಪಾಗುತ್ತದೆ. ಆದರೆ ಲ್ಯಾಟಿನ್ ಮೂಲದ ಈ ಉಪಸರ್ಗಕ್ಕೆ ‘ಪೂರ್ತಿಯಾಗಿ’, ‘ಬಲವಾಗಿ’ ಎಂಬ ಅರ್ಥವೂ ಉಂಟು. ‘ಆನಲ್’ ಎಂದರೂ ರದ್ದುಮಾಡು, ಅದಕ್ಕೆ ‘ಡಿಸ್’ ಸೇರಿದ ‘ಡಿಸ್ಆನಲ್’ ಎಂದರೂ ರದ್ದುಮಾಡು. ಆದುದರಿಂದ ‘ಡಿಸ್‌ಗ್ರಂಟಲ್ಡ್’ ಎಂದರೆ ಗೊಣಗಾಟ ನಿಂತವನಲ್ಲ, ಗೊಣಗುವಷ್ಟು ಮನಸ್ಸು ಕೆಟ್ಟವನು. ಬರಿಯ ‘ಗ್ರಂಟಲ್’ ಬಳಕೆಯಿಂದ ಬಹುಮಟ್ಟಿಗೆ ಮರೆಯಾದಾಗ ಈ ಸಂಬಂಧ ಇಂಗ್ಲಿಷರಿಗೇ ಕಾಣದಂತಾಯಿತು. ಹೀಗಾಗಿ 20ನೆಯ ಶತಮಾನದಲ್ಲಿ ‘ಡಿಸ್’ ಕಳಚಿ, ‘ಗ್ರಂಟಲ್ಡ್’ ಎಂದರೆ ಸಂತುಷ್ಟ ಎಂಬ ವಿನೋದದ ಪ್ರಯೋಗ ಬಂದಿತು. ಇಂಗ್ಲಿಷ್ ಹಾಸ್ಯಲೇಖಕ ಪಿ.ಜಿ. ವುಡ್‌ಹೌಸ್ 1938ರ ತಮ್ಮ ಕಾದಂಬರಿಯೊಂದರಲ್ಲಿ ಅದನ್ನು ಬಳಸಿದ ಬಗೆ ಬಹಳ ಪ್ರಸಿದ್ಧವಾಗಿದೆ, ನಿಘಂಟುಗಳೂ ಈ ಅರ್ಥವನ್ನು ಸೇರಿಸಿಕೊಂಡಿವೆ.

2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದಾಗ ನಮ್ಮ ಪತ್ರಿಕೆಗಳಲ್ಲಿ ‘ಅತೃಪ್ತ ಶಾಸಕರು’ ಎಂಬ ಮಾತು ದಿನವೂ ಕಾಣುತ್ತಿತ್ತು. ಅರ್ಥಕ್ಕೆ ಅದು ಸರಿಯಾಗಿಯೇ ಹೊಂದುತ್ತದೆ. ಆದರೆ ‘ಅತೃಪ್ತ’ದಲ್ಲಿ ‘ಅ’ಕಾರ ನಿಜವಾಗಿಯೂ ನಿಷೇಧವನ್ನೇ ಹೇಳುತ್ತದೆ, ಅದನ್ನು ತೆಗೆದರೆ ‘ತೃಪ್ತ’ ಉಳಿಯುತ್ತದೆ. ಇಂಗ್ಲಿಷ್ ಪದದಲ್ಲಿ ‘ಡಿಸ್’ ತೆಗೆದರೂ ಮೂಲದ ಪ್ರಕಾರ ಉಳಿಯುವುದು ಗೊಣಗಾಟವೇ.