ಮೊದಲ ಹಾಫ್ ಐರನ್‌ಮ್ಯಾನ್: ಓಟ ಕೆಡೋದು ಸೈಕಲ್ ಮೇಲೆ

[ದೃಶ್ಯ: ಪಣಜಿಯ ಮೀರಾಮಾರ್ ಬೀಚ್. ಇನ್ನೂ ಪೂರ್ತಿ ಬೆಳಗಾಗಿಲ್ಲ. ಈಜು ಟೋಪಿ ಹಾಕಿಕೊಂಡು ಮರಳಲ್ಲಿ ನಿಂತ ಜನ]

ನಮಸ್ಕಾರ. ಇಲ್ಲಿ ನಿಂತಿರುವವರಲ್ಲಿ ಹೆಚ್ಚಿನವರಿಗೆ ಕ್ರೀಡೆ ವೃತ್ತಿ ಅಲ್ಲ. ಸೋಮವಾರ ಕೆಲಸಕ್ಕೆ ಹೋಗಬೇಕಾದವರು. ಇನ್ನು ಸ್ವಲ್ಪ ಹೊತ್ತಿಗೆ ಸಮುದ್ರಕ್ಕೆ ಇಳಿಯುತ್ತಾರೆ. 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಅದಾದ ಮೇಲೆ 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ. ಮೈಲಿ ಲೆಕ್ಕದಲ್ಲಿ 70.3. ಅದಕ್ಕೇ ಹೆಸರು ಐರನ್‌ಮ್ಯಾನ್ 70.3. ಗೋವಾದಲ್ಲಿ ಇದು 2019ರಲ್ಲಿ ಶುರುವಾಯಿತು.

ಆ ಗುಂಪಿನಲ್ಲಿ ಒಂದು ವರ್ಷ ನಾನೂ ಇದ್ದೆ. ನನ್ನ ಮೊದಲ ದೊಡ್ಡ ಟ್ರಯಥ್ಲಾನ್ ಅದು. ಈ ವಿಡಿಯೋ ಮಾಡೋಕೆ ಕಾರಣ ಒಂದೇ. ಮೊದಲ ಸಲ ಇಳಿಯುವವರೆಲ್ಲ ಈಜಿನ ಬಗ್ಗೆ ಹೆದರುತ್ತಾರೆ, ಓಟದ ಬಗ್ಗೆ ಕೇಳುತ್ತಾರೆ. ಸೈಕಲ್ ಬಗ್ಗೆ ಯಾರೂ ಕೇಳೋದಿಲ್ಲ. ಆದರೆ ಓಟ ಕೆಡೋದು ಸೈಕಲ್ ಮೇಲೆ.

[ಪರದೆ ಮೇಲೆ: ಒಂದು ದೊಡ್ಡ ಗಡಿಯಾರ]

ಮೊದಲು ಸಮಯ ನೋಡೋಣ. ಒಟ್ಟು ಎಂಟೂವರೆ ಗಂಟೆ ಕೊಡುತ್ತಾರೆ. ಈಜಿಗೆ 1 ಗಂಟೆ 10 ನಿಮಿಷ. ಸೈಕಲ್ ಮುಗಿಯುವಾಗ, ಈಜೂ ಸೇರಿ, ಸಾಮಾನ್ಯವಾಗಿ ಐದೂವರೆ ಗಂಟೆ ಮೀರಿರಬಾರದು. ಮೀರಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಇದೇ ಕಟ್‌ಆಫ್. ಬಟ್ಟೆ, ಶೂ ಬದಲಿಸುವ ಸಮಯವೂ ಇದರೊಳಗೇ ಬರುತ್ತದೆ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದನ್ನು ಮುಗಿಸಿದ್ದು 8 ಗಂಟೆ 27 ನಿಮಿಷಕ್ಕೆ. ಉಳಿದಿದ್ದು ಎರಡು ಮೂರು ನಿಮಿಷ ಅಷ್ಟೇ.

[ದೃಶ್ಯ: ಹಳ್ಳಿಯ ಕಲ್ಲುಬಾವಿ, ನಂತರ ಸಮುದ್ರ]

ನಾನು ಈಜು ಕಲಿತಿದ್ದು ನಮ್ಮೂರ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಕ್ಕ ನೀರಿಗೆ ಇಳಿಸಿದ್ದಳು. ಬಾವಿಯಲ್ಲಿ ನಾಲ್ಕು ಸಲ ಕೈ ಬೀಸಿದರೆ ಕಲ್ಲು ಸಿಗುತ್ತದೆ. ಈಜುಕೊಳದಲ್ಲಿ ತಳದ ಕಪ್ಪು ಗೆರೆ ದಾರಿ ತೋರಿಸುತ್ತದೆ. ಸಮುದ್ರದಲ್ಲಿ ಎರಡೂ ಇಲ್ಲ. ತಲೆ ನೀರಲ್ಲಿಟ್ಟು ಈಜುತ್ತಾ ಹೋದರೆ ಗೊತ್ತಿಲ್ಲದೇ ಓರೆಯಾಗಿ ಹೋಗುತ್ತೀರಿ. ದಾರಿ ತೋರಿಸೋಕೆ ಗಾಳಿ ತುಂಬಿದ ದೊಡ್ಡ ಬಣ್ಣದ ಬುರುಡೆಗಳನ್ನು ತೇಲಿಬಿಟ್ಟಿರುತ್ತಾರೆ. ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣು ಮಾತ್ರ ನೀರಿಂದ ಮೇಲೆತ್ತಿ ಅದನ್ನು ನೋಡಬೇಕು. ಇದಕ್ಕೆ ಸೈಟಿಂಗ್ ಅಂತಾರೆ. ಈಜುಕೊಳದಲ್ಲೇ ಅಭ್ಯಾಸ ಮಾಡಬಹುದು. 50 ಮೀಟರ್ ಕೊಳದಲ್ಲಿ 1.9 ಕಿ.ಮೀ. ಅಂದರೆ 38 ಸಲ ದಾಟೋದು.

ಹೆದರುವವರಿಗೆ ಒಂದು ಸಮಾಧಾನದ ಮಾತು. ಸುಸ್ತಾದರೆ ಕಾಪಾಡುವ ದೋಣಿ ಹಿಡಿದುಕೊಂಡು ನಿಲ್ಲಬಹುದು. ಅದನ್ನು ಹಿಡಿದು ಮುಂದೆ ಹೋಗಬಾರದು, ಅಷ್ಟೇ. ಉಪ್ಪುನೀರು ಮೈಯನ್ನು ಎತ್ತಿ ಹಿಡಿಯುತ್ತದೆ, ಬಾವಿಗಿಂತ ತೇಲೋದು ಸುಲಭ. ನನ್ನ ಈಜು 55 ನಿಮಿಷಕ್ಕೆ ಮುಗಿಯಿತು.

[ದೃಶ್ಯ: ಸಾಲಾಗಿ ನಿಲ್ಲಿಸಿದ ಸೈಕಲ್‌ಗಳು. ಒಬ್ಬರು ಹೆಲ್ಮೆಟ್ ಪಟ್ಟಿ ಬಿಗಿಯುತ್ತಿದ್ದಾರೆ]

ಹೆಲ್ಮೆಟ್ ಪಟ್ಟಿ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು. ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಂಡು ಹೋಗುವಂತಿಲ್ಲ, 12 ಮೀಟರ್ ಅಂತರ ಇರಬೇಕು. ಹೊರಗಿನವರ ಹತ್ತಿರ ಏನೂ ತಗೊಳ್ಳುವಂತಿಲ್ಲ, ಮನೆಯವರು ಕೊಡುವ ನೀರು ಕೂಡ.

ಈಗ ಮುಖ್ಯ ವಿಷಯ. ನಮ್ಮ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಹೆಸರು ಗ್ಲೈಕೋಜನ್. ಜೋರಾಗಿ ಕೆಲಸ ಮಾಡಿದರೆ ಅದು ಸುಮಾರು ಎರಡು ಗಂಟೆ ಬರುತ್ತದೆ. ನಮಗೆ ಬೇಕಿರೋದು ಎಂಟು ಗಂಟೆ! ಹಾಗಾಗಿ ದಾರಿಯಲ್ಲೇ ತಿನ್ನಬೇಕು. ಈಜುವಾಗ ತಿನ್ನೋಕೆ ಆಗಲ್ಲ. ಓಡುವಾಗ ಹೊಟ್ಟೆ ಕುಲುಕುತ್ತದೆ, ಜಾಸ್ತಿ ಸೇರಲ್ಲ. ಉಳಿಯೋದು ಸೈಕಲ್ ಒಂದೇ. ಓಟಕ್ಕೆ ಬೇಕಾದ ಊಟ ಸೈಕಲ್ ಮೇಲೇ ಆಗಬೇಕು.

ಎಷ್ಟು? ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್. ಎರಡು ಬಾಳೆಹಣ್ಣು, ಜೊತೆಗೆ ಎರಡು ಖರ್ಜೂರ ಅಂದುಕೊಳ್ಳಿ. ಮೂರೂವರೆ ಗಂಟೆಗೆ ಏಳು ಬಾಳೆಹಣ್ಣು ತಿನ್ನೋದು ಕಷ್ಟ, ಅದಕ್ಕೇ ಜನ ಜೆಲ್ ಬಳಸುತ್ತಾರೆ, ಅಂದರೆ ಪುಟ್ಟ ಪ್ಯಾಕೆಟ್‌ನಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ. ನಾನು ಅರ್ಧ ಜೆಲ್, ಅರ್ಧ ಬಾಳೆಹಣ್ಣು ಇಟ್ಟುಕೊಂಡಿದ್ದೆ. 20 ನಿಮಿಷಕ್ಕೊಮ್ಮೆ ವಾಚು ಬೀಪ್ ಅನ್ನುತ್ತಿತ್ತು. ಹಸಿವಿರಲಿ, ಬಿಡಲಿ, ಆಗ ಬಾಯಿಗೆ ಏನಾದರೂ ಹೋಗಲೇಬೇಕು. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಅರ್ಥ.

[ದೃಶ್ಯ: ನಂದಿ ಬೆಟ್ಟದ ಕಡೆಯ ರಸ್ತೆ, ಬಿಸಿಲು]

ನೀರಿನ ಪಾಠ ನನಗೆ ತರಬೇತಿಯಲ್ಲೇ ಆಯಿತು. ಒಂದು ಭಾನುವಾರ ನಂದಿ ಬೆಟ್ಟದ ಕಡೆ ಹೋಗಿ 80 ಕಿ.ಮೀ. ತುಳಿದೆ. ಬರೀ ನೀರು ಕುಡಿದೆ, ಲೀಟರ್‌ಗಟ್ಟಲೆ. ಮನೆ ಸೇರುವಾಗ ತಲೆನೋವು, ವಾಂತಿ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಅತಿಯಾಗಿ ಕುಡಿದರೆ ರಕ್ತದಲ್ಲಿ ಉಳಿದ ಸೋಡಿಯಂ ಇನ್ನೂ ತೆಳುವಾಗುತ್ತದೆ. ಇದು ಪ್ರಾಣಕ್ಕೇ ಕುತ್ತಾಗಬಹುದು. ಆಮೇಲಿಂದ ನನ್ನ ಬಾಟಲಿಯಲ್ಲಿ ಎಲೆಕ್ಟ್ರೊಲೈಟ್, ಅಂದರೆ ಸೋಡಿಯಂನಂಥ ಲವಣ, ಇಲ್ಲದ ದಿನ ಇಲ್ಲ. ರೇಸಿನ ದಿನ ಏನು ತಿನ್ನುತ್ತೀರೋ, ಕುಡಿಯುತ್ತೀರೋ, ಅದನ್ನೇ ತಿಂಗಳುಗಟ್ಟಲೆ ಭಾನುವಾರಗಳಲ್ಲಿ ತಿಂದು ನೋಡಿರಬೇಕು. ದಯವಿಟ್ಟು ಇದೊಂದನ್ನು ಮರೆಯಬೇಡಿ.

ಇನ್ನು ವೇಗ. ಸಮುದ್ರದಿಂದ ಎದ್ದು ಬಂದ ಖುಷಿಗೆ ಕಾಲು ತಾನಾಗಿ ಜೋರು ತುಳಿಯುತ್ತದೆ. ಪಕ್ಕದಿಂದ ಒಬ್ಬೊಬ್ಬರೇ ದಾಟಿ ಹೋಗುತ್ತಿದ್ದರೆ ಸುಮ್ನೆ ಇರೋದು ಬಹಳ ಕಷ್ಟ. ಆದರೂ ಇರಬೇಕು. ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳೋಕೆ ಆಗುತ್ತಾ? ಆಗುತ್ತೆ ಅಂದರೆ ವೇಗ ಸರಿ ಇದೆ. ನಾನು 90 ಕಿ.ಮೀ.ಗೆ 3 ಗಂಟೆ 40 ನಿಮಿಷ ತಗೊಂಡೆ. ನನ್ನನ್ನು ದಾಟಿ ಹೋದ ಕೆಲವರು ಆಮೇಲೆ ಓಟದ ದಾರಿಯಲ್ಲಿ ನಡೆಯುತ್ತಾ ಸಿಕ್ಕರು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

[ದೃಶ್ಯ: ಓಟದ ದಾರಿ, ಮಧ್ಯಾಹ್ನ]

ಸೈಕಲ್ ಮೇಲೆ ಮೈಯ ಭಾರವನ್ನು ಸೀಟು ಹೊತ್ತಿರುತ್ತದೆ. ಇಳಿದ ಕೂಡಲೇ ಕಾಲು ಹೊರಬೇಕು. ಮೊದಲ ಎರಡು ಕಿ.ಮೀ. ಅದು ನಮ್ಮ ಕಾಲೇ ಅಲ್ಲ ಅನಿಸುತ್ತದೆ. ವಾರಕ್ಕೊಮ್ಮೆ ಸೈಕಲ್ ಇಳಿದ ತಕ್ಷಣ ಓಡುವ ಅಭ್ಯಾಸ ಇದ್ದರೆ ಗಾಬರಿ ಆಗಲ್ಲ. ಅದನ್ನು ಬ್ರಿಕ್ ಅಂತಾರೆ. ಬಿಸಿಲಲ್ಲಿ ಮೈ ತಂಪಾಗಿಡೋಕೆ ರಕ್ತ ಚರ್ಮದ ಕಡೆ ಹರಿಯುತ್ತದೆ. ಅದೇ ವೇಗಕ್ಕೆ ಹೃದಯ ಜಾಸ್ತಿ ಬಡಿಯುತ್ತದೆ. ಅದಕ್ಕೇ ನೀರಿನ ಟೇಬಲ್ ಬಂದಾಗಲೆಲ್ಲ ನಡೆದೆ, ತಲೆಗೆ ನೀರು ಸುರಿದುಕೊಂಡೆ, ಮತ್ತೆ ಓಡಿದೆ. ಓಟಕ್ಕೆ 3 ಗಂಟೆ 5 ನಿಮಿಷ ಹಿಡಿಯಿತು.

1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್‌ಗೆ ಹೊರಟವರು 15 ಜನ, ಮುಗಿಸಿದವರು 12. ಅವರದು ಇದರ ದುಪ್ಪಟ್ಟು ದೂರ. ಓಡುತ್ತಾ ನಾನು ಅವರನ್ನೇ ನೆನೆಸಿಕೊಳ್ಳುತ್ತಿದ್ದೆ.

[ದೃಶ್ಯ: ಬೇಲಿ, ಅದರಾಚೆ ಜನ]

ಪ್ರತಿ ಸುತ್ತಿಗೂ ಬೇಲಿಯಾಚೆ ಅಕ್ಕ ಕಾಣುತ್ತಿದ್ದಳು. ಕೈಯಲ್ಲಿ ಮಜ್ಜಿಗೆ ಬಾಟಲಿ. ಕೊಡುವಂತಿಲ್ಲ ಅಂತ ಅವಳಿಗೆ ಗೊತ್ತು, ಆದರೂ ಹಿಡಿದೇ ನಿಂತಿದ್ದಳು. ಬಟ್ಟೆ ಬದಲಿಸಿದ್ದೂ ಸೇರಿ 7 ಗಂಟೆ 57 ನಿಮಿಷಕ್ಕೆ ನಾನು ಕೊನೆಯ ಗೆರೆ ದಾಟಿದೆ. "ಈಗ ಕುಡಿಯಬಹುದೇನೋ?" ಅಂದಳು. ಮಜ್ಜಿಗೆ ಬಿಸಿಲಿಗೆ ಬೆಚ್ಚಗಾಗಿತ್ತು, ಹುಳಿ ಬಂದಿತ್ತು. ಒಂದು ಹನಿ ಬಿಡದೆ ಕುಡಿದೆ.